ಖಾತ್ರಿ ಇಲ್ಲದ ಸಾವು

ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು ಸೀಮೆಯ ಫೌಜಿಗಳ ಮನೆಗಳಲ್ಲಿ ಸುಚೇತಾಳ ಫೋನ್ ನಂಬರು ಗೋಡೆಯ ಮೇಲೆ ಬರೆದಿರುತ್ತಿತ್ತು. ಕ್ಯಾಲೆಂಡರಿನ ಪಕ್ಕ, ಇಲ್ಲವೆ ದೇವರ ಮಾಡದ ಕೆಳಗೆ. ಅವಳು ದಿಲ್ಲಿಯಲ್ಲಿ ಒಂದು ಕನ್ನಡ ಸುದ್ದಿವಾಹಿನಿಯ ವರದಿಗಾರ್ತಿ. ರಾಜಕಾರಣ ಮತ್ತು ರಕ್ಷಣೆ ಅವಳ ವಿಷಯ. ಲೇಹದಲ್ಲಿದ್ದ ಮಗನ ಫೋನು ಹತ್ತದಿದ್ದರೆ ತಾಯಂದಿರು ಅವಳಿಗೆ ಫೋನು ಹಚ್ಚುತ್ತಿದ್ದರು. ಟಿವಿಯಲ್ಲಿ ಹಿಮ ಕುಸಿದದ್ದನ್ನು ತೋರಿಸಿದರೂ ಅವಳಿಗೇ, ರಜೆ ಮುಗಿಸಿ ಹೊರಟವನಿಗೆ ರೈಲು ತಪ್ಪಿದರೂ ಅವಳಿಗೇ. "ನೀ ದಿಲ್ಲ್ಯಾಗ ಅದೀಯವ್ವಾ, ನಿನಗ ಎಲ್ಲಾ ಗೊತ್ತಿರ್ತೈತಿ" ಅನ್ನುತ್ತಿದ್ದರು. ತನಗೆ ಎಲ್ಲ ಗೊತ್ತಿರುವುದಿಲ್ಲ ಎಂದು ಅವಳು ಎಷ್ಟು ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಆದರೂ ಅವಳು ಒಂದು ಕರೆಯನ್ನೂ ತಪ್ಪಿಸಿದವಳಲ್ಲ.

ಸಂಪಗಾಂವದಲ್ಲಿ ಪುರಾಣ ಹೇಳುತ್ತಿದ್ದ ರಘೋತ್ತಮಾಚಾರ್ಯರ ಮಗಳು ಆಕೆ. ಆಚಾರ್ಯರು ಸಣ್ಣ ವಯಸ್ಸಿನಲ್ಲೇ ತೀರಿಕೊಂಡರು. ತಾಯಿ ಭಾಗೀರಥಿಬಾಯಿ ಅತ್ತುಕೊಂಡು ಕೂಡುವ ಹೆಂಗಸಲ್ಲ. ಮಗಳನ್ನು ಕರೆದುಕೊಂಡು ಬೈಲಹೊಂಗಲಕ್ಕೆ ಬಂದರು, ಕಾಲೇಜು ಹುಡುಗರಿಗೆಂದು ಒಂದು ಖಾನಾವಳಿ ತೆಗೆದರು. ಮಗಳು ಕಾಲೇಜು ಮುಗಿಸಿ ಸಂಜೆ ಹೊತ್ತು ನಿಜಾಮಸಾಬರ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ನಿಜಾಮಸಾಬರು ಲಗ್ನಪತ್ರಿಕೆ ಅಚ್ಚು ಹಾಕಿ ಹೊಟ್ಟೆ ಹೊರೆಯುತ್ತಿದ್ದರು. ಮನಸ್ಸಿನ ಸಮಾಧಾನಕ್ಕೆ ಒಂದು ವಾರಪತ್ರಿಕೆ ನಡೆಸುತ್ತಿದ್ದರು.

ಕಿತ್ತೂರು ತಾಲೂಕು ಆಗಬೇಕೆಂದು ಜನ ಉಪವಾಸ ಕುಳಿತಿದ್ದ ಹೊತ್ತು. ನಿಜಾಮಸಾಬರ ವರದಿಗಾರ ಊರಲ್ಲಿರಲಿಲ್ಲ.

"ಆಚಾರ್ರ ಮಗಳ, ನೀನ ಹೋಗಿ ಬಾ" ಅಂದರು. "ಕಣ್ಲೆ ಕಂಡದ್ದು ಒಂದ ಕಡೆ ಬರಿ, ಕಿವಿಲೆ ಕೇಳಿದ್ದು ಇನ್ನೊಂದ ಕಡೆ ಬರಿ. ಎರಡೂ ಕಲಸಬ್ಯಾಡ ಬೇಟಿ. ಪತ್ರಿಕೆ ಅಂದ್ರ ಅಷ್ಟ."

ಹಾಗೆ ಶುರುವಾಯಿತು. ರಾಮದುರ್ಗದ ಒಂದು ಚುನಾವಣೆಯಲ್ಲಿ ವೇದಿಕೆಯ ಮೇಲೆ ಒಬ್ಬರಿಗೊಬ್ಬರು ಬೈದಾಡಿಕೊಂಡ ಇಬ್ಬರು ಮುಖಂಡರು ಅದೇ ದಿನ ಒಂದೇ ಮದುವೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕುಳಿತು ಹೋಳಿಗೆ ತಿಂದದ್ದನ್ನು ಫೋಟೋ ಸಮೇತ ಬರೆದಳು. ಎರಡೂ ಕಡೆಯ ಹುಡುಗರು ಒಟ್ಟಾಗಿ ಬಂದು ಮುದ್ರಣಾಲಯದ ಗಾಜು ಒಡೆದು ಹೋದರು. ನಿಜಾಮಸಾಬರು ನಗುತ್ತಲೇ ಗಾಜು ಬಳಿದು ಹಾಕಿದರು.

ಸೈನಿಕರ ಸುದ್ದಿ ಅವಳಿಗೆ ಅಂಟಿಕೊಂಡದ್ದು ಮಾತ್ರ ನಗುವಿನಿಂದಲ್ಲ. ಸಂಪಗಾಂವದ ಹತ್ತಿರದ ಹಳ್ಳಿಯೊಂದಕ್ಕೆ ಕಾಶ್ಮೀರದಿಂದ ಒಬ್ಬ ಹುಡುಗನ ಹೆಣ ಬಂದಿತ್ತು. ಬಂದೂಕು ಹಾರಿಸಿ ವಂದನೆ ಕೊಟ್ಟರು, ಧ್ವಜ ಮಡಚಿ ಕೊಟ್ಟರು. ಎಲ್ಲ ಮುಗಿದ ಮೇಲೆ ಸುಚೇತಾ ಆ ಹುಡುಗನ ತಾಯಿಯ ಹತ್ತಿರ ಕುಳಿತು, ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದಳು. ಪಕ್ಕದ ಮನೆಯ ಟಿವಿಯಿಂದ ತಿಳಿಯಿತಂತೆ. ಸೈನ್ಯದ ಜನ ಮನೆಗೆ ಬರುವಷ್ಟರಲ್ಲಿ ಪರದೆಯ ಮೇಲೆ ಮಗನ ಹೆಸರು ಓಡಿಹೋಗಿತ್ತು. "ರೊಟ್ಟಿ ಬಡಿಯಾಕ ಹತ್ತಿದ್ನಿ. ಬಾಜೂ ಮನಿಯಾಕಿ ಚೀರಿದ್ಲು. ನಾ ನೋಡಿದ್ನಿ, ನನ್ನ ಮಗನ ಹೆಸರ ಬರಾಕ ಹತ್ತಿತ್ತು, ಅದರ ಹಿಂದಿಂದ ಅರಿವಿ ಅಂಗಡಿ ಜಾಹಿರಾತು ಬಂತು" ಅಂದಳು ಆ ತಾಯಿ.

ಅವತ್ತು ಸುಚೇತಾ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಳು. ಮನೆಯವರಿಗೆ ತಿಳಿಯುವ ಮೊದಲು ಸತ್ತವನ ಹೆಸರು ತನ್ನ ಬಾಯಿಂದ ಬರಬಾರದು. ಬೆಳಗಾವಿಯ ದಿನಪತ್ರಿಕೆಯಲ್ಲಿ ದುಡಿದಾಗ, ಆಮೇಲೆ ವಾಹಿನಿ ಸೇರಿ ದಿಲ್ಲಿಗೆ ಹೋದಾಗ, ಗಡಿಯ ಬಂಕರುಗಳಲ್ಲಿ ಮಲಗೆದ್ದು ಸುದ್ದಿ ಕಳಿಸಿದಾಗ, ಎಲ್ಲೂ ಅದನ್ನು ಮುರಿಯಲಿಲ್ಲ. ಸಂಸದೀಯ ಸಮಿತಿಗಳ ದಪ್ಪ ವರದಿಗಳನ್ನು ಓದಿ, ಫಿರಂಗಿಗಳ ಹೆಸರು ಬಾಯಿಪಾಠ ಮಾಡಿ, ಕನ್ನಡದಲ್ಲಿ ಈ ವಿಷಯ ಹೇಳುವವರಲ್ಲಿ ಅವಳಷ್ಟು ತಿಳಿದವರು ಕಡಿಮೆ ಎನ್ನಿಸಿಕೊಂಡಳು. ಮದುವೆ ಮುಂದೆ ಹೋಗುತ್ತ ಹೋಗುತ್ತ ಬಿಟ್ಟೇ ಹೋಯಿತು. ಊರಿಗೆ ಬಂದಾಗಲೆಲ್ಲ ಭಾಗೀರಥಿಬಾಯಿ, "ನಿನ್ನ ಲಗ್ನ ಆ ಮೈಕಿನ ಜೋಡಿನ ಆಗ್ಯದ ಬಿಡು" ಎಂದು ಹುಸಿಮುನಿಸು ತೋರಿಸುತ್ತಿದ್ದರು.

ಅಂಥ ಒಂದು ರಜೆಯಲ್ಲಿ ಸುಚೇತಾ ಉಗರಗೋಳಕ್ಕೆ ಹೋಗಿದ್ದಳು. ಯಲ್ಲಮ್ಮನ ಗುಡ್ಡದ ಏರಿನಲ್ಲಿ ಓಡಿ ಓಡಿ ತಯಾರಾಗಿ ಸೈನ್ಯಕ್ಕೆ ಭರ್ತಿಯಾಗುವ ಹುಡುಗರ ಮೇಲೆ ಒಂದು ವರದಿ ಮಾಡಲು. ಅಲ್ಲಿ ಪರಿಚಯವಾದವನು ವಿರೂಪಾಕ್ಷ. ಅವನ ತಾಯಿ ಮಾಯವ್ವ ಗುಡ್ಡಕ್ಕೆ ಹೋಗುವ ದಾರಿಯ ಬದಿಗೆ ಭಕ್ತರಿಗೆ ಹಸಿರು ಬಳೆ, ಕುಂಕುಮ, ಭಂಡಾರ ಮಾರುತ್ತಿದ್ದಳು. ತಂದೆ ಯಮನಪ್ಪ ಪಕ್ಕದಲ್ಲೇ ತೆಂಗಿನಕಾಯಿ ಇಟ್ಟುಕೊಂಡು ಕೂಡುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಮಾಯವ್ವ ಸುಚೇತಾಳ ಕೈ ಹಿಡಿದು ಒಂದು ಡಜನ್ ಬಳೆ ಏರಿಸಿಯೇ ಬಿಟ್ಟಳು, ನಂಬರನ್ನೂ ಬರೆಸಿಕೊಂಡಳು. ವಿರೂಪಾಕ್ಷ ಮರುವರ್ಷ ಭರ್ತಿಯಾದ. ಗುರುಬಸವ್ವ ಎಂಬ ಹುಡುಗಿಯ ಜೊತೆ ಅವನ ಮದುವೆಯಾಯಿತು. ಮದುವೆಗೆ ಬರಲಾಗಲಿಲ್ಲವೆಂದು ಸುಚೇತಾ ದಿಲ್ಲಿಯಿಂದ ಒಂದು ಶಾಲು ಕಳಿಸಿದ್ದಳು.

ಆಮೇಲೆ ಆ ಬೇಸಿಗೆ ಬಂತು. ಗಡಿಯಲ್ಲಿ ಗುಂಡಿನ ಚಕಮಕಿ ಶುರುವಾಗಿ ನಿಲ್ಲಲೇ ಇಲ್ಲ. ವಾಹಿನಿಗಳು ಹಗಲಿರುಳು ಅದನ್ನೇ ಕೂಗುತ್ತಿದ್ದವು. ಬೆಂಗಳೂರಿನ ಕಚೇರಿಯಲ್ಲಿ ಸುದ್ದಿ ವಿಭಾಗದ ಮುಖ್ಯಸ್ಥ ಅಭಿಜಿತನಿಗೆ ತಾಸಿಗೊಂದು ಹೊಸ ಸುದ್ದಿ ಬೇಕಿತ್ತು. "ಬೇರೆಯವರ ಹತ್ತಿರ ಹೆಸರುಗಳಿವೆ, ನಮ್ಮ ಹತ್ತಿರ ಏನಿದೆ?" ಎಂದು ದಿಲ್ಲಿಯವರ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನಿಂದ ಒತ್ತಾಯ ನಡೆದಿತ್ತು.

ಆ ಬೆಳಿಗ್ಗೆಯೇ ಮಾಯವ್ವನ ಫೋನು ಬಂತು.

"ಸುಚೇತವ್ವಾ, ವಿರೂಪಾಕ್ಷಂದು ಫೋನ ಹತ್ತವಲ್ದು. ಹ್ವಾದ ಐತವಾರದಿಂದ ಹತ್ತವಲ್ದು. ನಿಮ್ಮ ಟಿವ್ಯಾಗ ನೋಡಿದ್ರ ಅಂವ ಇದ್ದ ಕಡೇನ ಗುಂಡ ಹಾರಾಕ ಹತ್ಯಾವು. ಅದಾನೋ ಇಲ್ಲೋ, ಒಂದ ಮಾತು ಕೇಳಿ ಹೇಳವ್ವಾ."

"ಅಲ್ಲೆ ಎಲ್ಲಾರ ಫೋನೂ ಬಂದ್ ಮಾಡಸಿರ್ತಾರ ಮಾಯವ್ವ. ಅಂಜಬ್ಯಾಡ. ನಾ ಕೇಳಿ ಹೇಳ್ತೀನಿ. ಅಲ್ಲೀತನಕಾ ನೀ ಟಿವಿ ನೋಡಬ್ಯಾಡ."

"ನೋಡದ ಹೆಂಗಿರ್ಲೆವ್ವಾ? ನೀನ ಅದ್ರಾಗ ಬರ್ತೀದಿ."

ಮಾಯವ್ವನಿಗೆ ಕೊಟ್ಟ ಮಾತಿಗಾಗಿಯೇ ಸುಚೇತಾ ವಿಚಾರಿಸಲು ಹೊರಟಳು. ಕಚೇರಿಯಲ್ಲಿ ವಿರೂಪಾಕ್ಷನ ಹೆಸರನ್ನು ಯಾರೂ ಕೇಳಿರಲಿಲ್ಲ. ಸೈನ್ಯದಿಂದ ನಿವೃತ್ತನಾದ ಪರಿಚಯದವನೊಬ್ಬನಿಗೆ ಫೋನು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಅವನು ತಿರುಗಿ ಮಾಡಿದ. ಒಂದು ವಾಹನಕ್ಕೆ ಶೆಲ್ ಬಿದ್ದಿದೆ, ನೀವು ಹೇಳಿದ ಹುಡುಗ ಅದರಲ್ಲಿದ್ದನೆಂದು ಕೇಳಿದೆ, ಬದುಕಿದ್ದಾನೋ ಇಲ್ಲವೋ ತಿಳಿಯದು ಅಂದ. ನನ್ನ ಮಾತಿನ ಮೇಲೆ ಏನನ್ನೂ ಹೇಳಬೇಡಿ ಎಂದೂ ಸೇರಿಸಿದ.

ಅವಳು ಅದನ್ನು ತನ್ನಲ್ಲೇ ಇಟ್ಟುಕೊಂಡಿದ್ದರೆ ಸಾಕಿತ್ತು. ಆದರೆ ಅದೇ ಗಳಿಗೆಗೆ ಗುಂಪಿನಲ್ಲಿ ಅಭಿಜಿತನ ಇನ್ನೊಂದು ಸಂದೇಶ ಬಂತು. ದಿಲ್ಲಿಯ ಕಚೇರಿ ಏನು ನಿದ್ದೆ ಮಾಡುತ್ತಿದೆಯೇ ಎಂದು. ಅವಳು ದಣಿದಿದ್ದಳು. ಇದೊಂದನ್ನು ಕೊಟ್ಟರೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ, ಆಮೇಲೆ ಖಾತ್ರಿಯಾದರೆ ತಾನೇ ಹೇಳಿದರಾಯಿತು ಎಂದುಕೊಂಡು ಬೆರಳು ಆಡಿಸಿದಳು. "ಸವದತ್ತಿ ತಾಲೂಕು ಉಗರಗೋಳದ ವಿರೂಪಾಕ್ಷ. ಶೆಲ್ ಬಿದ್ದ ವಾಹನದಲ್ಲಿದ್ದನಂತೆ. ಗಾಯವೋ ಸಾವೋ ಗೊತ್ತಿಲ್ಲ. ಖಾತ್ರಿ ಇಲ್ಲ. ಮನೆಯವರಿಗೆ ತಿಳಿಸಿಲ್ಲ. ಹಾಕಬೇಡಿ."

ಅದನ್ನು ಕಳಿಸಿ ರಕ್ಷಣಾ ಇಲಾಖೆಯ ಪತ್ರಿಕಾಗೋಷ್ಠಿಗೆ ಹೋದಳು. ಅಲ್ಲಿ ಫೋನನ್ನು ಬಾಗಿಲಲ್ಲೇ ಒಪ್ಪಿಸಿ ಒಳಗೆ ಹೋಗಬೇಕು. ಎಲ್ಲರಂತೆ ಅವಳೂ ಒಪ್ಪಿಸಿದಳು.

ಗೋಷ್ಠಿ ಮುಗಿಸಿ ಹೊರಗೆ ಬಂದು ಫೋನು ತೆಗೆದುಕೊಂಡಾಗ ಪರದೆ ತುಂಬ ತಪ್ಪಿದ ಕರೆಗಳು. ಸಾಲಾಗಿ ಒಂದೇ ಹೆಸರು, ಉಗರಗೋಳ ಮಾಯವ್ವ. ವಾಹಿನಿ ತೆರೆದು ನೋಡಿದಳು. ಫೇಸ್‌ಬುಕ್ಕಿನಿಂದ ಎತ್ತಿದ ವಿರೂಪಾಕ್ಷನ ಫೋಟೋ, ಅದಕ್ಕೆ ಹಾರ. "ಸವದತ್ತಿಯ ವೀರಪುತ್ರ ಹುತಾತ್ಮ." ಕೆಳಗೆ ಅವಳದೇ ಫೋಟೋ, ಅವಳದೇ ಹೆಸರು. "ದಿಲ್ಲಿಯಿಂದ ಸುಚೇತಾ ಖಚಿತ ವರದಿ."

ರಸ್ತೆಯ ಬದಿಗೆ ನಿಂತೇ ಅಭಿಜಿತನಿಗೆ ಫೋನು ಹಚ್ಚಿದಳು.

"ಯಾರು ಹಾಕಿದ್ದು ಇದನ್ನ? ಹಾಕಬೇಡಿ ಅಂತ ಬರೆದಿದ್ದೆ. ಈಗಿಂದೀಗ ತೆಗೀರಿ!"

"ಎಲ್ಲ ಚಾನೆಲ್ಲೂ ನಮ್ಮನ್ನ ನೋಡಿ ಹಾಕಿವೆ ಸುಚೇತಾ. ಈಗ ತೆಗೆದರೆ ನಗೆಪಾಟಲು. ನೀನು ಖಾತ್ರಿ ಮಾಡ್ಕೊಂಡು ಬಾ."

"ಅವನು ಬದುಕಿದ್ದರೆ?"

"ಬದುಕಿದ್ದರೆ ಒಳ್ಳೆಯದೇ. ಅದೂ ಸುದ್ದಿ" ಅಂದ ಅಭಿಜಿತ.

ಅಷ್ಟರಲ್ಲಿ ಉಗರಗೋಳದಲ್ಲಿ ಆಗಬಾರದ್ದು ಆಗಿಹೋಗಿತ್ತು. ಯಮನಪ್ಪ ಚಹಾದಂಗಡಿಯ ಮುಂದೆ ನಿಂತಿದ್ದ. ಒಳಗಿನ ಟಿವಿಯಲ್ಲಿ ಮಗನ ಮುಖ ಕಂಡಿತು. ಅವನಿಗೆ ಓದಲು ಬರುತ್ತಿರಲಿಲ್ಲ. ಮಗ ಏನೋ ದೊಡ್ಡ ಕೆಲಸ ಮಾಡಿದ್ದಾನೆಂದು ಮೊದಲು ಖುಷಿಪಟ್ಟನಂತೆ. "ನಮ್ಮ ವಿರೂಪಾಕ್ಷ! ಏನಂತ ಬರದಾರೋ ಓದಿ ಹೇಳ್ರೋ" ಎಂದು ಅಲ್ಲಿದ್ದವರನ್ನು ಕೇಳಿದ. ಯಾರೂ ಬಾಯಿ ತೆಗೆಯಲಿಲ್ಲ. ಹಾರ ಹಾಕಿದ ಫೋಟೋ ಕಂಡು, ಸುತ್ತಲಿನವರ ಮುಖ ಕಂಡು ಅವನಿಗೆ ತಿಳಿಯಿತು. ಮನೆಯ ಕಡೆ ಹೊರಟವನು ಅರ್ಧ ದಾರಿಯಲ್ಲಿ ಯಾರದೋ ಕಟ್ಟೆಯ ಮೇಲೆ ಕುಳಿತ. ನೀರು ಕೇಳಿದ. ನೀರು ತರುವಷ್ಟರಲ್ಲಿ ಒರಗಿದ್ದ. ಗಾಡಿಯಲ್ಲಿ ಹಾಕಿಕೊಂಡು ಸವದತ್ತಿಗೆ ಒಯ್ದರು, ದಾರಿಯಲ್ಲೇ ಜೀವ ಹೋಯಿತು.

ಇತ್ತ ಮನೆಯಲ್ಲಿ ಹೆಂಗಸರು ಗುರುಬಸವ್ವನನ್ನು ಸುತ್ತುವರಿದಿದ್ದರು. "ಹೆಣ ಬರಲಿ, ತಡೀರಿ" ಎಂದು ಒಬ್ಬಳು ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಟಿವಿಯಲ್ಲಿ ಬಂದಾಗಿದೆ, ಇನ್ನೇನು ತಡೆಯುವುದು? ಹಿರಿಯಳೊಬ್ಬಳು ಅವಳ ಕೈ ಹಿಡಿದು ನೆಲಕ್ಕೆ ಬಡಿದಳು. ಮಾಯವ್ವ ತಾನೇ ಆರಿಸಿ ಸೊಸೆಗೆ ಇಟ್ಟಿದ್ದ ಹಸಿರು ಬಳೆಗಳು ಚೂರುಚೂರಾದವು. ಕುಂಕುಮ ಒರೆಸಿದರು. ಗುರುಬಸವ್ವನಿಗೆ ಆಗ ಇಪ್ಪತ್ತೆರಡು.

ತಹಸೀಲ್ದಾರ ಕಚೇರಿಯಿಂದ ಒಬ್ಬರು ಬಂದು, "ನಮಗಿನ್ನೂ ಸೈನ್ಯದಿಂದ ಏನೂ ಸುದ್ದಿ ಬಂದಿಲ್ರಿ, ಸ್ವಲ್ಪ ಸಮಾಧಾನ ಮಾಡ್ಕೊಳ್ರಿ" ಅಂದರು. ಜನ ಅವರ ಮೇಲೇ ಹರಿಹಾಯ್ದರು. ಸರ್ಕಾರಕ್ಕೆ ಯಾವಾಗ ಯಾವುದು ಬೇಗ ತಿಳಿದದ್ದುಂಟು? ಸಂಜೆಯ ಹೊತ್ತಿಗೆ ಉಗರಗೋಳದ ಕ್ರಾಸಿನಲ್ಲಿ ದೊಡ್ಡ ಬ್ಯಾನರು ಎದ್ದಿತ್ತು. ನಡುವೆ ವಿರೂಪಾಕ್ಷ, ಅವನ ಸುತ್ತ ಕೈಮುಗಿದ ಮುಖಂಡರು.

ಸುಚೇತಾ ಮಾಯವ್ವನಿಗೆ ಮತ್ತೆ ಮತ್ತೆ ಫೋನು ಹಚ್ಚಿದಳು. ಕೊನೆಗೆ ಎತ್ತಿದಾಗ ಆ ಕಡೆಯಿಂದ ಬರೀ ಅಳು, ಗದ್ದಲ. ಅದರ ನಡುವೆ ಮಾಯವ್ವನ ದನಿ.

"ನಿನ್ನ ಕೇಳಿದ್ನಲ್ಲವ್ವಾ ಮುಂಜಾನಿ? ನನಗ ಹೇಳಿದ್ರ ಆಗ್ತಿತ್ತಲ್ಲಾ. ಜಗತ್ತಿಗೆಲ್ಲಾ ಹೇಳಿದಿ, ನನಗೊಂದ ಹೇಳಲಿಲ್ಲ."

"ಮಾಯವ್ವ, ಅದು ಖಾತ್ರಿ ಇಲ್ಲ. ನನ್ನ ಕೇಳದನ ಹಾಕ್ಯಾರ."

"ಹಂಗಾರ ಅದಾನ? ನನ್ನ ಮಗಾ ಅದಾನ?"

"ಗೊತ್ತಿಲ್ಲ ಮಾಯವ್ವ."

"ಇಲ್ಲಂತೀಯೋ ಅದಾನಂತೀಯೋ?"

"ಗೊತ್ತಿಲ್ಲ."

ಫೋನು ಕೆಳಗೆ ಬಿದ್ದ ಸದ್ದಾಯಿತು. ಯಮನಪ್ಪ ಹೋದದ್ದು ಸುಚೇತಾಳಿಗೆ ಇನ್ನೂ ಗೊತ್ತಿರಲಿಲ್ಲ.

ಆ ಸಂಜೆಯಿಡೀ ಅವಳು ಹುಚ್ಚಿಯಂತೆ ಎಲ್ಲ ಕಡೆ ಫೋನು ಮಾಡಿದಳು. ಇಷ್ಟು ವರ್ಷ ಗಳಿಸಿದ ಪರಿಚಯ, ವಿಶ್ವಾಸ ಎಲ್ಲ ಒಂದೇ ಪ್ರಶ್ನೆಗೆ ಪಣವಿಟ್ಟಳು. ಕೆಲವರು ಎತ್ತಲಿಲ್ಲ. ಒಬ್ಬ ಅಧಿಕಾರಿ, "ನಿಮ್ಮ ವಾಹಿನಿ ಆಗಲೇ ಹೇಳಿದೆಯಲ್ಲ, ಮತ್ತೇನು ಕೇಳುತ್ತೀರಿ?" ಎಂದು ಫೋನಿಟ್ಟರು. ಮರುದಿನ ಬೆಳಿಗ್ಗೆ ಅದೇ ಅಧಿಕಾರಿ ತಾವಾಗಿ ಫೋನು ಮಾಡಿದರು. ವಿರೂಪಾಕ್ಷ ಸೇನಾ ಆಸ್ಪತ್ರೆಯಲ್ಲಿದ್ದಾನೆ, ಒಂದು ಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ, ಎಚ್ಚರ ಬಂದಿಲ್ಲ, ಜೀವಕ್ಕೆ ಭಯವಿಲ್ಲ. ಅವನ ಮನೆಗೆ ಇನ್ನಷ್ಟೇ ತಿಳಿಸಬೇಕು.

ಸುಚೇತಾ ಅಳಲಿಲ್ಲ. ಮಾಯವ್ವ ಫೋನು ಎತ್ತುತ್ತಿರಲಿಲ್ಲ. ಎತ್ತಿದರೂ ತನ್ನ ಮಾತು ನಂಬುವುದಿಲ್ಲ ಎಂದು ಗೊತ್ತಿತ್ತು. ಬೈಲಹೊಂಗಲದ ನಿಜಾಮಸಾಬರಿಗೆ ಹಚ್ಚಿದಳು.

"ಚಾಚಾ, ನೀವ ಉಗರಗೋಳಕ್ಕ ಹೋಗ್ರಿ. ಹುಡುಗ ಅದಾನ. ಜೀವಂತ ಅದಾನ. ಎದುರಿಗೆ ನಿಂತು ಹೇಳ್ರಿ."

ಎಪ್ಪತ್ತು ದಾಟಿದ ನಿಜಾಮಸಾಬರು ಏನೂ ಕೇಳದೆ ಒಂದು ಬಾಡಿಗೆ ಗಾಡಿ ಮಾಡಿಕೊಂಡು ಹೊರಟರು. ಉಗರಗೋಳ ಮುಟ್ಟಿದಾಗ ಮನೆಯ ಮುಂದೆ ಜನಜಂಗುಳಿ. ಹುಡುಗ ಸತ್ತನೆಂದೇ ಇನ್ನೂ ನಂಬಿ ಕೂಡಿದ್ದಾರೆ ಎಂದುಕೊಂಡು ಒಳಗೆ ನುಗ್ಗಿದರು. ಅಂಗಳದಲ್ಲಿ ಒಂದು ಹೆಣ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಯಮನಪ್ಪ.

ನಿಜಾಮಸಾಬರು ಹೆಣಕ್ಕೆ ಕೈಮುಗಿದರು. ತಂದ ಸುದ್ದಿ ಹೇಳಲೇಬೇಕಿತ್ತು. ಮಾಯವ್ವನ ಮುಂದೆ ನೆಲಕ್ಕೆ ಕುಂತು, "ತಾಯಿ, ನಿಮ್ಮ ಮಗಾ ಅದಾನ್ರಿ. ದವಾಖಾನ್ಯಾಗ ಅದಾನ. ಖುದಾನ ಆಣಿ ಮಾಡಿ ಹೇಳತೇನಿ, ಬದಕ್ಯಾನ" ಅಂದರು.

ಗುರುಬಸವ್ವ ಬರಿಗೈಗಳನ್ನು ಮುಖಕ್ಕೆ ಒತ್ತಿಕೊಂಡು ಗೋಡೆಗೆ ಒರಗಿದಳು. ಮಾಯವ್ವ ಎದ್ದು ನಿಂತಳು. ಗಂಡನ ಹೆಣದ ಕಡೆ ನೋಡಿದಳು.

"ನನಗ ಹೇಳಿದ್ರಿ. ಇಂವಗ ಯಾರ ಹೇಳತೀರಿ?"

ನಿಜಾಮಸಾಬರು ಈ ಮಾತನ್ನು ಸುಚೇತಾಳಿಗೆ ಫೋನಿನಲ್ಲಿ ಹೇಳಿದರು. ಹೇಳಬಾರದಿತ್ತೇನೋ ಎಂದು ಆಮೇಲೆ ಬಹಳ ಸಲ ಪರಿತಪಿಸಿದರು. ದಿಲ್ಲಿಯ ಬಾಡಿಗೆ ಕೋಣೆಯಲ್ಲಿ ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತವಳು ಏಳಲಿಲ್ಲ. ಹೊರಗೆ ಹಾಲಿನವನು ಬಂದು ಕರೆದು ಹೋದ.

ವಾಹಿನಿ ಅವತ್ತು ಮಧ್ಯಾಹ್ನ ಸಂಭ್ರಮದ ಸುದ್ದಿ ಬಿತ್ತರಿಸಿತು. "ಯಲ್ಲಮ್ಮನ ಪವಾಡ. ಸಾವನ್ನು ಗೆದ್ದ ಸವದತ್ತಿಯ ಯೋಧ." ಹಿಂದಿನ ದಿನ ತಾವೇ ಕೊಂದಿದ್ದನ್ನು ಎಲ್ಲೂ ಹೇಳಲಿಲ್ಲ. ಯಮನಪ್ಪನ ಸುದ್ದಿ ಹೊರಬಿದ್ದು ಜನ ರೊಚ್ಚಿಗೆದ್ದ ಮೇಲೆ ಒಂದು ಪ್ರಕಟಣೆ ಬಂತು. "ನಮ್ಮ ದಿಲ್ಲಿ ವರದಿಗಾರ್ತಿಯ ತಪ್ಪು ಮಾಹಿತಿಯಿಂದ ಆದ ಪ್ರಮಾದ. ಅವರನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ." ಆಮೇಲೆ ಮೊಬೈಲುಗಳಲ್ಲಿ ಅವಳ ಫೋಟೋ ಹರಿದಾಡಿತು. ದೇಶದ್ರೋಹಿ ಅಂದರು, ಶತ್ರುಗಳ ಕಡೆಯವಳು ಅಂದರು, ಬಾಯಲ್ಲಿ ಆಡಬಾರದ್ದನ್ನೂ ಅಂದರು. ಬೈಲಹೊಂಗಲದ ಖಾನಾವಳಿಯ ಬಾಗಿಲಿಗೆ ಯಾರೋ ಸಗಣಿ ಎರಚಿ ಹೋದರು. ಊಟಕ್ಕೆ ಬರುವ ಹುಡುಗರಲ್ಲಿ ಅರ್ಧ ಜನ ಬರುವುದನ್ನು ನಿಲ್ಲಿಸಿದರು.

ದಿಲ್ಲಿ ಬಿಟ್ಟು ಮನೆಗೆ ಬಂದ ಮಗಳಿಗೆ ಭಾಗೀರಥಿಬಾಯಿ ಕೈಕಾಲಿಗೆ ನೀರು ಕೊಟ್ಟರು. ಊಟಕ್ಕೆ ಬಡಿಸಿದರು. ಅವಳು ಅನ್ನ ಕಲಸುತ್ತಲೇ ಕುಳಿತಳು.

"ಅವ್ವಾ, ಹೆಸರು ಬರದಕಿ ನಾನ. ಹಾಕಬ್ಯಾಡ್ರಿ ಅಂತನೂ ಬರದಿದ್ದೆ ಖರೆ. ಆದ್ರ ಹಾಕೋ ಮಂದಿಗೇನ ಬರದೆ."

ಭಾಗೀರಥಿಬಾಯಿಗೆ ಸಮಾಧಾನದ ಮಾತು ಹೇಳಲು ಬರುತ್ತಿತ್ತು. ಸುಳ್ಳು ಹೇಳಲು ಬರುತ್ತಿರಲಿಲ್ಲ. "ಹೌದು" ಅಂದರು. ಅನ್ನದ ಮೇಲೆ ಮಜ್ಜಿಗೆ ಹಾಕುತ್ತ, "ಆ ಊರಿಗೆ ಹೋಗಿ ಬಾ. ಬೈದ್ರ ಬೈಸ್ಕೋ, ಹೊಡದ್ರ ಹೊಡಸ್ಕೋ. ಹೋಗದ ಕುಂತ್ರ ನಿನ್ನ ಹೊಟ್ಟ್ಯಾಗಿಂದ ಅದು ಹೋಗಂಗಿಲ್ಲ" ಅಂದರು.

ಸುಚೇತಾ ಉಗರಗೋಳಕ್ಕೆ ಹೋದಳು. ಮಾಯವ್ವ ದಾರಿಬದಿಯ ಅಂಗಡಿಯನ್ನು ತೆರೆದಿರಲಿಲ್ಲ. ಮನೆಯ ಬಾಗಿಲಲ್ಲಿ ನಿಂತ ಸುಚೇತಾಳನ್ನು ಒಮ್ಮೆ ನೋಡಿ ಒಳಗೆ ಎದ್ದು ಹೋದಳು, ಮತ್ತೆ ಹೊರಗೆ ಬರಲಿಲ್ಲ. ಹೊಡೆದಿದ್ದರೆ ಹಗುರಾಗುತ್ತಿತ್ತು. ಗುರುಬಸವ್ವ ಒಂದು ತಂಬಿಗೆ ನೀರು ತಂದಿಟ್ಟಳು. ಅವಳ ಮುಂಗೈಯಲ್ಲಿ ಗಾಜು ತಾಗಿದ ಗಾಯ ಇನ್ನೂ ಮಾಸಿರಲಿಲ್ಲ.

"ಬಳಿ ಇಟ್ಕೋ ಅಂತಾರ್ರಿ ಎಲ್ಲಾರೂ" ಅಂದಳು ಮೆಲ್ಲಗೆ. "ಅತ್ತಿ ಕೈ ಬರಿದು ಆಗೇತಿ. ಅಕಿ ಮುಂದ ನಾ ಹೆಂಗ ಇಟ್ಕೊಂಡ ತಿರಗಾಡ್ಲಿ?"

ಸುಚೇತಾ ತಂಬಿಗೆ ಎತ್ತಿಕೊಂಡಳು. ನೀರು ಕುಡಿದು, ತಂಬಿಗೆ ಅಲ್ಲೇ ಇಟ್ಟು ಬಂದಳು.

ಅವಳು ಬೇರೆ ಪತ್ರಿಕೆಗಳಿಗೆ, ವಾಹಿನಿಗಳಿಗೆ ಕೆಲಸ ಕೇಳಿ ಬರೆದಳು. ಹಳೆಯ ಸಹೋದ್ಯೋಗಿಗಳು ಪ್ರೀತಿಯಿಂದಲೇ ಮಾತಾಡಿದರು, ಸ್ವಲ್ಪ ದಿನ ಹೋಗಲಿ ಅಂದರು. ಒಂದು ಕಡೆ ಕರೆದವರು ಹೆಸರು ಬದಲಾಯಿಸಿಕೊಂಡು ಬರೆಯುತ್ತೀರಾ ಎಂದು ಕೇಳಿದರು. ಅವಳು ಆಗದು ಅಂದಳು. ಬೆಳಿಗ್ಗೆ ಏಳುವುದಕ್ಕೆ ಅವಳಿಗೆ ಕಾರಣವೇ ಸಿಗುತ್ತಿರಲಿಲ್ಲ. ಫೌಜಿಗಳ ಮನೆಯ ಕರೆಗಳು ನಿಂತುಹೋಗಿದ್ದವು. ಗೋಡೆಗಳ ಮೇಲಿನ ಅವಳ ನಂಬರನ್ನು ಸುಣ್ಣ ಬಳಿದು ಅಳಿಸಿದ್ದಾರೆಂದು ಸಂಪಗಾಂವದ ಕಡೆಯಿಂದ ಬಂದವರೊಬ್ಬರು ಹೇಳಿದರು. ಭಾಗೀರಥಿಬಾಯಿ ಮಗಳ ಕೋಣೆಯ ಬಾಗಿಲಿಗೆ ಚಿಲಕ ಹಾಕಗೊಡುತ್ತಿರಲಿಲ್ಲ. ತರಕಾರಿ ಹೆಚ್ಚುವ ನೆವ ಹೇಳಿ ಅವಳನ್ನು ಅಡುಗೆಮನೆಯಲ್ಲೇ ಕೂರಿಸಿಕೊಳ್ಳುತ್ತಿದ್ದರು.

ಮಳೆಗಾಲ ಕಳೆದ ಮೇಲೆ ವಿರೂಪಾಕ್ಷ ಊರಿಗೆ ಬಂದ. ಒಂದು ಕಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಉಗರಗೋಳದ ಕ್ರಾಸಿನಲ್ಲಿ ಅವನ ಬ್ಯಾನರು ಇನ್ನೂ ನೇತಾಡುತ್ತಿತ್ತು. ಮಳೆಗೆ ಬಣ್ಣ ಇಳಿದಿತ್ತು. ತೆಗೆಯುವುದು ತಮ್ಮ ಕೆಲಸವೆಂದು ಯಾರಿಗೂ ಅನ್ನಿಸಿರಲಿಲ್ಲ. ಗಾಡಿ ನಿಲ್ಲಿಸಿ ಅದನ್ನು ನೋಡಿದ. ತಾನೇ ಊರುಗೋಲಿನಿಂದ ಎಳೆದು ಕೆಡವಿದ. ಆಮೇಲೆ ಮನೆಗೆ ಹೋದ.

ಸ್ವಲ್ಪ ದಿನಗಳಲ್ಲೇ ಅವನು ಬೈಲಹೊಂಗಲದ ಖಾನಾವಳಿಗೆ ಬಂದ. ಬಾಗಿಲಲ್ಲಿ ಅವನನ್ನು ಕಂಡು ಸುಚೇತಾ ಎದ್ದು ನಿಂತಳು. ಕೈಯಲ್ಲಿದ್ದ ಚಾಕು ಹಾಗೇ ಇತ್ತು.

"ಕುಂದ್ರ್ರಿ ಅಕ್ಕಾರ" ಅಂದ ಅವನು. "ನಾ ಜಗಳಾಡಾಕ ಬಂದಿಲ್ಲ. ನಂಗ ಒಂದ ಮಾತು ಬೇಕು. ಅವತ್ತ ನೀವು ಬರದ ಸಂದೇಶ ಐತೇನು?"

ಇದೆ ಅಂದಳು.

"ಸವದತ್ತಿ ಕೋರ್ಟಿನಾಗ ದಾವಾ ಹಾಕೇನಿ. ನಂಗೇನೂ ಪರಿಹಾರ ಬ್ಯಾಡ. ನಾ ಸತ್ತೇನಂತ ಹೆಂಗ ತೋರಸಿದ್ರೋ, ಅಷ್ಟ ದೊಡ್ಡ ಅಕ್ಷರದಾಗ, ಅದ ಹೊತ್ತಿನಾಗ, ಅಷ್ಟ ಸಲ, 'ನಾವು ಖಾತ್ರಿ ಇಲ್ಲದ ಹಾಕಿದಿವಿ, ಅದರಿಂದ ಯಮನಪ್ಪ ಸತ್ತ' ಅಂತ ತೋರಸಬೇಕು. ನೀವು ಸಾಕ್ಷಿ ಹೇಳತೀರೇನು?"

"ಹೇಳಿದ್ರ ನನ್ನ ತಪ್ಪೂ ಅದರಾಗ ಬರ್ತದ ವಿರೂಪಾಕ್ಷ."

"ಬರಬೇಕ್ರಿ" ಅಂದ ಅವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. "ಅದಕ್ಕಂತನ ನಿಮ್ಮ ಕಡೆ ಬಂದೇನಿ."

ವಾಹಿನಿಯ ಕಡೆಯಿಂದ ಒಬ್ಬರು ಫೋನು ಮಾಡಿದರು. ಸಾಕ್ಷಿ ಹೇಳದಿದ್ದರೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ವಿಚಾರ ಮಾಡಬಹುದು ಅಂದರು. ಸುಚೇತಾ ಎಲ್ಲ ಕೇಳಿಸಿಕೊಂಡು ಫೋನಿಟ್ಟಳು. ಆ ಒಂದು ಗಳಿಗೆ ಮನಸ್ಸು ಹೊಯ್ದಾಡಿತೆಂದು ಆಮೇಲೆ ಅವಳೇ ನಿಜಾಮಸಾಬರಿಗೆ ಹೇಳಿದಳು. ದಿಲ್ಲಿಯ ಬೆಳಗು, ಗಡಿಯ ಚಳಿ, ಮೈಕು ಹಿಡಿದು ನಿಲ್ಲುವ ಆ ಜೀವ, ಎಲ್ಲ ಕಣ್ಣ ಮುಂದೆ ಬಂದಿದ್ದವಂತೆ.

ಸವದತ್ತಿಯ ನ್ಯಾಯಾಲಯದಲ್ಲಿ ಅವಳು ಕಟಕಟೆ ಏರಿದ ದಿನ ಮಾಯವ್ವ ಹಿಂದಿನ ಬೆಂಚಿನಲ್ಲಿ ಸೊಸೆಯ ಪಕ್ಕ ಕುಳಿತಿದ್ದಳು. ವಾಹಿನಿಯ ವಕೀಲರು ಚುರುಕಾಗಿದ್ದರು.

"ಈ ಹೆಸರನ್ನು ಮೊದಲು ಗುಂಪಿನಲ್ಲಿ ಬರೆದವರು ಯಾರು?"

"ನಾನು."

"ಖಾತ್ರಿ ಇಲ್ಲವೆಂದು ಗೊತ್ತಿದ್ದೂ ಬರೆದಿರಿ?"

"ಹೌದು."

"ಯಾಕೆ?"

"ಬೆಳಿಗ್ಗೆಯಿಂದ ಕೇಳುತ್ತಿದ್ದರು. ಕೊಡಲು ನನ್ನ ಬಳಿ ಬೇರೇನೂ ಇರಲಿಲ್ಲ. ಆ ಹುಡುಗನ ತಾಯಿ ಕೇಳಿದ್ದಕ್ಕೆ ವಿಚಾರಿಸಿದೆ. ತಾಯಿಗೆ ಹೇಳುವ ಮೊದಲು ಕಚೇರಿಗೆ ಹೇಳಿದೆ. ಹಾಕಬೇಡಿ ಎಂದು ಬರೆದಿದ್ದೆ. ಅದರಿಂದ ನನ್ನ ತಪ್ಪು ಕಡಿಮೆಯಾಗುವುದಿಲ್ಲ, ಹಾಕಿದವರ ತಪ್ಪೂ ಕಡಿಮೆಯಾಗುವುದಿಲ್ಲ."

ಯಮನಪ್ಪನಿಗೆ ಮೊದಲೇ ಎದೆಯ ಬೇನೆ ಇತ್ತು, ಸುದ್ದಿಯಿಂದಲೇ ಸತ್ತನೆಂಬುದಕ್ಕೆ ಪುರಾವೆ ಏನು ಎಂದು ವಕೀಲರು ವಾದಿಸಿದರು. ಚಹಾದಂಗಡಿಯವನು ಸಾಕ್ಷಿಗೆ ಬರಲಿಲ್ಲ, ಹೆದರಿದ್ದ. ದಿನಾಂಕ ಮುಂದೆ ಹೋಯಿತು. ಆಮೇಲೂ ಹೋಗುತ್ತಲೇ ಇದೆ. ವಾಹಿನಿ ಈವರೆಗೆ ಒಂದು ಅಕ್ಷರ ತೋರಿಸಿಲ್ಲ. ಅಭಿಜಿತ ಅಲ್ಲೇ ಇನ್ನೂ ಮೇಲಿನ ಹುದ್ದೆಗೆ ಹೋದ.

ಸಾಕ್ಷಿ ಹೇಳಿ ಹೊರಗೆ ಬಂದಾಗ ಮಾಯವ್ವ ಅವಳನ್ನು ದಾಟಿ ಹೋದಳು, ತಿರುಗಿ ನೋಡಲಿಲ್ಲ. ಗುರುಬಸವ್ವ ಅತ್ತೆಯ ಹಿಂದೆ ನಡೆದಳು. ವಿರೂಪಾಕ್ಷ ಮಾತ್ರ ನ್ಯಾಯಾಲಯದ ಎದುರಿನ ಬೇವಿನ ಮರದ ಕೆಳಗೆ ನಿಂತು ಎರಡು ಚಹಾ ಹೇಳಿದ.

"ಮಂದಿ ನನ್ನ ಕಾಲ ಮುಟ್ಟಿ ನಮಸ್ಕಾರ ಮಾಡತಾರ್ರಿ ಅಕ್ಕಾರ" ಅಂದ. "ಸತ್ತ ಬಂದಾಂವ ಅಂತ. ಇರೂದು ಒಂದ ಕಾಲು, ಅದನ್ನೂ ಮುಟ್ಟತಾರ. ಮನಿಗೆ ಹ್ವಾದ್ರ ಅವ್ವ ನನ್ನ ಮಾರಿ ನೋಡಂಗಿಲ್ಲ. ಅಕಿಗೆ ನನ್ನ ನೋಡಿದ್ರ ಅಪ್ಪ ನೆನಪಾಗತಾನ."

ಸುಚೇತಾ ಚಹಾದ ಲೋಟ ಹಿಡಿದು ನಿಂತಳು.

"ಮತ್ತ ಆ ಕೆಲಸಕ್ಕ ಹೋಗತೀರೇನ್ರಿ?" ಎಂದು ಅವನು ಕೇಳಿದ.

"ಯಾರೂ ಕರ್ಯಂಗಿಲ್ಲಪ್ಪಾ."

"ಕರದ್ರ ಅಂತ ಕೇಳಿದ್ನಿ."

"ನನಗ ಬ್ಯಾರೆ ಏನೂ ಬರಂಗಿಲ್ಲ ವಿರೂಪಾಕ್ಷ. ಆದ್ರ ಈಗ ಒಂದ ಹೆಸರು ಬರೀಬೇಕಂದ್ರೂ ಕೈ ನಡಗ್ತದ."

ಅವನು ತಲೆಯಾಡಿಸಿದ. ಚಹಾ ಕುಡಿದು, ಊರುಗೋಲು ತೆಗೆದುಕೊಂಡು, ಮುಂದಿನ ದಿನಾಂಕಕ್ಕೆ ಬರತೇನಿ ಎಂದು ಹೇಳಿ ಬಸ್ಸಿನ ಕಡೆ ಹೊರಟ.

ಸುಚೇತಾ ಈಗ ಬೆಳಿಗ್ಗೆ ತಾಯಿಯ ಖಾನಾವಳಿಯಲ್ಲಿ ಬಡಿಸುತ್ತಾಳೆ. ಮಧ್ಯಾಹ್ನ ನಿಜಾಮಸಾಬರ ಮುದ್ರಣಾಲಯದಲ್ಲಿ ಕೂಡುತ್ತಾಳೆ. ಸಾಬರಿಗೆ ಕಣ್ಣು ಮಂಜಾಗಿದೆ, ವಾರಪತ್ರಿಕೆ ಎರಡು ವಾರಕ್ಕೊಮ್ಮೆ ಆಗಿದೆ. ಅದರಲ್ಲಿ ಅವಳು ಪುರಸಭೆಯ ಸುದ್ದಿ, ನೀರಿನ ಸುದ್ದಿ, ಸಂತೆಯ ದರ ಬರೆಯುತ್ತಾಳೆ. ತೀರಿಕೊಂಡವರ ಸುದ್ದಿ ಬಂದರೆ ತಾನು ಬರೆಯುವುದಿಲ್ಲ. ಆ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಅವರ ಬಾಯಿಂದಲೇ ಕೇಳಿ ಬಂದ ಮೇಲೂ ಖಾಲಿ ಕಾಗದವನ್ನು ಸಾಬರ ಕಡೆ ಸರಿಸಿ ಹೆಸರು ಹೇಳುತ್ತಾಳೆ. ಅವರು ಕಣ್ಣಿಗೆ ಹತ್ತಿರ ಹಿಡಿದು ನಿಧಾನವಾಗಿ ಬರೆಯುತ್ತಾರೆ. ಅವಳು ಅಕ್ಷರ ತಪ್ಪಿದ್ದರೆ ತಿದ್ದುತ್ತಾಳೆ.